ನೋಡುವ ಕಣ್ಣು: ಬೀರುವಿನಲ್ಲಿ ಸಿಕ್ಕ ಒಂದು ಮುಖ



ಕಳೆದ ರಾಜ್ಯೋತ್ಸವದ ನಾಟಕ ಮುಗಿದು, ಉಪ್ಪಿಟ್ಟು-ಕಾಫಿಯ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೇ ಒಬ್ಬಳು, ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿರುವ ಹುಡುಗಿ, ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: "ಅಂಕಲ್, ನಿಜ ಹೇಳ್ತೀನಿ, ಬೈಬೇಡಿ. ನಾಟಕದ ಕನ್ನಡ ನನಗೆ ಅರ್ಧ ಗೊತ್ತಾಗಲಿಲ್ಲ. ಅವರ ಮುಖ ನೋಡಿ ಉಳಿದದ್ದನ್ನು ಊಹೆ ಮಾಡಿಕೊಂಡೆ."

ಬೈಯುವ ಮಾತೆಲ್ಲಿ ಬಂತು? ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮುಖ ನೋಡಿ ಅರ್ಥ ಮಾಡಿಕೊಳ್ಳುವುದು ಎಂದರೆ ಸಣ್ಣ ವಿದ್ಯೆಯಲ್ಲ. ಒಂದು ಕಾಲದಲ್ಲಿ ಜಗತ್ತಿನ ಸಿನಿಮಾ ನೋಡುಗರೆಲ್ಲರೂ ಬಲ್ಲ ವಿದ್ಯೆ ಅದು. ಈ ಸಂಚಿಕೆಯಲ್ಲಿ ಆ ಹುಡುಗಿಗಾಗಿ, ಮತ್ತು ಅವಳಂತೆ ಹೇಳಲು ಧೈರ್ಯ ಸಾಲದೆ ಸುಮ್ಮನೆ ಕೂತಿದ್ದ ನಿಮ್ಮಂಥವರಿಗಾಗಿ, ಒಂದು ಮೂಕಿ ಚಿತ್ರದ ವಿಷಯ ಬರೆಯುತ್ತೇನೆ. ಅದರ ಹೆಸರು 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್'. ಫ್ರಾನ್ಸಿನಲ್ಲಿ ತಯಾರಾಗಿ 1928ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಮೊದಲು ತೆರೆ ಕಂಡ ಚಿತ್ರ. ನಿರ್ದೇಶಕ ಕಾರ್ಲ್ ಥಿಯೋಡರ್ ಡ್ರೇಯರ್, ಡೆನ್ಮಾರ್ಕಿನವನು.

ಜೋನ್‌ಳ ಕಥೆ ಶಾಲೆಯ ಪಾಠದಲ್ಲಿ ಬಂದಿರಬಹುದು, ಚಿಕ್ಕದಾಗಿ ನೆನಪಿಸುತ್ತೇನೆ. ಹದಿನೈದನೆಯ ಶತಮಾನ. ಫ್ರಾನ್ಸಿಗೂ ಇಂಗ್ಲೆಂಡಿಗೂ ಮುಗಿಯದ ಯುದ್ಧ. ಹಳ್ಳಿಯ ರೈತನ ಮಗಳೊಬ್ಬಳು, ತನಗೆ ದೇವದೂತರ ದನಿ ಕೇಳಿಸುತ್ತದೆ ಎನ್ನುತ್ತ, ಗಂಡಸಿನ ಉಡುಪು ತೊಟ್ಟು, ಸೈನ್ಯದ ಮುಂದೆ ನಿಂತು, 1429ರಲ್ಲಿ ಓರ್ಲಿಯಾನ್ಸ್ ಪಟ್ಟಣದ ಮುತ್ತಿಗೆಯನ್ನು ಬಿಡಿಸುತ್ತಾಳೆ. ಮರುವರ್ಷ ಸೆರೆ ಸಿಕ್ಕಿ ಇಂಗ್ಲಿಷರ ಕೈಗೆ ಮಾರಾಟವಾಗುತ್ತಾಳೆ. ರೂಆನ್ ಪಟ್ಟಣದಲ್ಲಿ ಧರ್ಮದ್ರೋಹದ ವಿಚಾರಣೆ ನಡೆಯುತ್ತದೆ. 1431ರ ಮೇ 30ರಂದು ಅವಳನ್ನು ಸಜೀವವಾಗಿ ಸುಡುತ್ತಾರೆ. ಆಗ ಅವಳಿಗೆ ಸುಮಾರು 19 ವರ್ಷ. 25 ವರ್ಷಗಳ ನಂತರ ಅದೇ ಚರ್ಚು ಆ ತೀರ್ಪನ್ನು ರದ್ದು ಮಾಡಿತು. 1920ರಲ್ಲಿ ಅವಳನ್ನು ಸಂತಳೆಂದು ಸಾರಿತು.

ಡ್ರೇಯರ್ ಯುದ್ಧವನ್ನು ತೋರಿಸುವುದೇ ಇಲ್ಲ. ಕುದುರೆಯಿಲ್ಲ, ಕತ್ತಿಯ ಕಾಳಗವಿಲ್ಲ, ಕಿರೀಟಧಾರಣೆಯಿಲ್ಲ. ಚಿತ್ರ ಶುರುವಾಗುವುದೇ ಒಂದು ಹಳೆಯ ಹಸ್ತಪ್ರತಿಯ ಪುಟಗಳನ್ನು ಯಾರದೋ ಕೈ ತಿರುವುವುದರಿಂದ. ಅದು ಆ ವಿಚಾರಣೆಯ ದಾಖಲೆ. ಗುಮಾಸ್ತರು ಬರೆದಿಟ್ಟ ಪ್ರಶ್ನೆ-ಉತ್ತರಗಳು ಇಂದಿಗೂ ಉಳಿದಿವೆ. ಪಿಯೆರ್ ಶಾಂಪಿಯಾಂ ಎಂಬ ಇತಿಹಾಸಕಾರ ಅವನ್ನು ಸಂಪಾದಿಸಿ ಪ್ರಕಟಿಸಿದ್ದ. ಅವನನ್ನೇ ಸಲಹೆಗಾರನನ್ನಾಗಿ ಇಟ್ಟುಕೊಂಡು, ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ಡ್ರೇಯರ್ ಒಂದೇ ದಿನದಲ್ಲಿ ನಡೆದಂತೆ ಹಿಂಡಿ ತೆಗೆದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಚಾರಣೆ ಎಂದರೆ ಮಾತು. ಮಾತೇ ಇಲ್ಲದ ಸಿನಿಮಾದಲ್ಲಿ ಮಾತಿನದೇ ಕಥೆಯನ್ನು ಹೇಳುವ ಹುಚ್ಚು ಸಾಹಸಕ್ಕೆ ಯಾರಾದರೂ ಕೈ ಹಾಕುತ್ತಾರೆಯೇ? ಆತ ಮಾಡಿದ್ದು ಇಷ್ಟೇ: ಮಾತಾಡುವವರ ಮುಖದ ಬಳಿಗೆ ಕ್ಯಾಮೆರಾ ತಂದ. ಇನ್ನೂ ಹತ್ತಿರ ತಂದ. ಬಿಷಪ್ಪನ ಗಲ್ಲದ ಮೇಲಿನ ಗಂಟು, ನ್ಯಾಯಾಧೀಶನ ತುಟಿಯಿಂದ ಸಿಡಿಯುವ ಉಗುಳು, ಕಿವಿಯೊಳಗೆ ಬೆಳೆದ ಕೂದಲು, ಎಲ್ಲವೂ ಕಾಣುವಷ್ಟು ಹತ್ತಿರ. ಯಾರಿಗೂ ಮೇಕಪ್ ಇಲ್ಲ. ಆಗ ತಾನೇ ಬಳಕೆಗೆ ಬರುತ್ತಿದ್ದ ಪ್ಯಾಂಕ್ರೊಮ್ಯಾಟಿಕ್ ಫಿಲಂ ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತಿದ್ದುದರಿಂದ ಬಣ್ಣ ಬಳಿಯದ ಚರ್ಮ ಚರ್ಮದಂತೆಯೇ ಮೂಡಿತು. ಅದಕ್ಕೆ ಮೊದಲಿನ ಫಿಲಂನಲ್ಲಿ ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತು, ಅದಕ್ಕೇ ಹಳೆಯ ಚಿತ್ರಗಳ ನಟರು ಸುಣ್ಣ ಬಳಿದವರಂತೆ ಕಾಣುವುದು. ಛಾಯಾಗ್ರಾಹಕ ರುಡಾಲ್ಫ್ ಮಾತೆ.

ಒಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಈ ಚಿತ್ರಕ್ಕಾಗಿ ಹೆರ್ಮನ್ ವಾರ್ಮ್ ಮತ್ತು ಜ್ಯಾನ್ ಹ್ಯೂಗೊ ಎಂಬ ಕಲಾವಿದರಿಂದ ದೊಡ್ಡ ಕೋಟೆಯ ಸೆಟ್ ಕಟ್ಟಿಸಿದರು. ನಿರ್ಮಾಪಕರು ಹಣ ಸುರಿದರು. ಆಕಾಶದ ಬಿಳುಪಿನೆದುರು ಬೂದು ಬಣ್ಣವಾಗಿ ಕಾಣಲೆಂದು ಗೋಡೆಗಳಿಗೆ ಗುಲಾಬಿ ಬಣ್ಣ ಬಳಿದರು. ಕೊನೆಗೆ ತೆರೆಯ ಮೇಲೆ ಬಂದದ್ದು ಮುಖಗಳು, ಮುಖಗಳು, ಬರೀ ಮುಖಗಳು! ಹಿಂದೆ ಒಂದಿಷ್ಟು ಬಿಳಿ ಗೋಡೆ. ಹಣ ಹಾಕಿದವರು ಎಷ್ಟು ಹೊಟ್ಟೆ ಉರಿದುಕೊಂಡಿರಬೇಡ! ಆದರೆ ಆ ಗೋಡೆಗಳ ನಡುವೆ ಓಡಾಡಿದ ನಟರ ಮುಖದಲ್ಲಿ ಆ ಕೋಟೆಯ ಭಾರ ಇತ್ತೆಂದೇ ನನಗೆ ತೋರುತ್ತದೆ.

ಜೋನ್ ಆಗಿ ನಟಿಸಿದವಳು ಫಾಲ್ಕೊನೆಟ್ಟಿ. ಪ್ಯಾರಿಸ್ಸಿನ ರಂಗಭೂಮಿಯ ನಟಿ. ಹಗುರ ಹಾಸ್ಯದ ನಾಟಕವೊಂದರಲ್ಲಿ ಅವಳನ್ನು ಕಂಡ ಡ್ರೇಯರ್, ಬಣ್ಣ ತೊಳೆದ ಮುಖವನ್ನು ನೋಡಬೇಕೆಂದು ಕೇಳಿ, ಆ ಮುಖದಲ್ಲಿ ತನಗೆ ಬೇಕಾದವಳನ್ನು ಕಂಡುಕೊಂಡ. ಆಗ ಅವಳಿಗೆ 35ರ ಆಸುಪಾಸು. ಹತ್ತೊಂಬತ್ತರ ಹುಡುಗಿಯಾಗಿ ಅವಳನ್ನು ನಾವು ಒಂದು ಕ್ಷಣವೂ ಅನುಮಾನಿಸುವುದಿಲ್ಲ. ದೃಶ್ಯಗಳನ್ನು ಕಥೆಯ ಕ್ರಮದಲ್ಲೇ ಚಿತ್ರೀಕರಿಸಿದರು. ತಲೆಗೂದಲನ್ನು ಕ್ಯಾಮೆರಾದ ಮುಂದೆಯೇ ನಿಜವಾಗಿ ಕತ್ತರಿಸಿದರು. ಅವಳು ಮತ್ತೆ ಸಿನಿಮಾದಲ್ಲಿ ನಟಿಸಲಿಲ್ಲ. 1946ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡಳು.

ನೀವು ನೋಡುವಾಗ ಗಮನಿಸಲೆಂದು ಎರಡು ಮೂರು ಜಾಗಗಳನ್ನು ಹೇಳುತ್ತೇನೆ. ಕಥೆಯ ಕೊನೆ ನಿಮಗೆ ಹೇಗೂ ಗೊತ್ತು, ಆದ್ದರಿಂದ ರಹಸ್ಯ ಬಯಲು ಮಾಡಿದ ಪಾಪ ನನಗಿಲ್ಲ.

ನ್ಯಾಯಾಧೀಶರು ಅವಳನ್ನು ಕೇಳುತ್ತಾರೆ, ನೀನು ದೇವರ ಕೃಪೆಗೆ ಪಾತ್ರಳಾಗಿದ್ದೀಯಾ ಎಂದು. ಇದು ಬಲೆ. ಹೌದು ಎಂದರೆ ಅಹಂಕಾರ, ಅದನ್ನು ತಿಳಿಯುವುದು ಮನುಷ್ಯರಿಗೆ ಸಾಧ್ಯವಿಲ್ಲವೆಂಬುದು ಚರ್ಚಿನ ಮತ. ಇಲ್ಲ ಎಂದರೆ ತಪ್ಪೊಪ್ಪಿಗೆ. ಪಂಡಿತರ ಸಭೆ ಉಸಿರು ಹಿಡಿದು ಕೂರುತ್ತದೆ. ಅವರಲ್ಲೇ ಕರುಣೆಯಿದ್ದ ಒಬ್ಬ ತರುಣ ಪಾದ್ರಿ ಉತ್ತರ ಕೊಡಬೇಡವೆಂದು ಎಚ್ಚರಿಸುತ್ತಾನೆ. ಅವಳು ಹೇಳಿದ್ದು: ಪಾತ್ರಳಾಗಿಲ್ಲದಿದ್ದರೆ ದೇವರು ನನ್ನನ್ನು ಹಾಗೆ ಮಾಡಲಿ, ಆಗಿದ್ದರೆ ಹಾಗೆಯೇ ಇರಿಸಲಿ. ಓದು ಬರಹ ಬಾರದ ಹುಡುಗಿ! ಈ ಉತ್ತರ ಚಿತ್ರಕಥೆಗಾರನ ಕಲ್ಪನೆಯಲ್ಲ, ದಾಖಲೆಯಲ್ಲಿರುವುದು. ಆ ಮಾತಿನ ಅಕ್ಷರಫಲಕ ತೆರೆಯಿಂದ ಮಾಯವಾದ ಮೇಲೆ ಆ ಮುದುಕರ ಮುಖಗಳ ಮೇಲೆ ಏನೇನು ಹಾದುಹೋಗುತ್ತದೆ ನೋಡಿ.

ಇನ್ನೊಂದು, ಸಹಿಯ ದೃಶ್ಯ. ಸ್ಮಶಾನದಲ್ಲಿ ಅವಳನ್ನು ಕೂರಿಸಿ, ಸುಡುವ ಬೆದರಿಕೆ ಹಾಕಿ, ತಪ್ಪೊಪ್ಪಿಗೆಗೆ ಸಹಿ ಹಾಕಿಸುತ್ತಾರೆ. ಅವಳ ಕೈಯನ್ನು ಬೇರೊಬ್ಬನ ಕೈ ಹಿಡಿದು ನಡೆಸುತ್ತದೆ. ಆಮೇಲೆ ಸೆರೆಮನೆಯಲ್ಲಿ ಅವಳ ಕೂದಲು ಕತ್ತರಿಸುತ್ತಾರೆ. ಕಸ ಗುಡಿಸುವವನು ಆ ಕೂದಲಿನ ಜೊತೆಗೆ ಅವಳು ಹುಲ್ಲಿನಲ್ಲಿ ಹೆಣೆದುಕೊಂಡಿದ್ದ ಪುಟ್ಟ ಕಿರೀಟವನ್ನೂ ಗುಡಿಸಿ ಹಾಕುತ್ತಾನೆ. ಅದನ್ನು ನೋಡಿದ ಕ್ಷಣ ಅವಳ ಮನಸ್ಸು ತಿರುಗುತ್ತದೆ. ನ್ಯಾಯಾಧೀಶರನ್ನು ಕರೆಯಿರಿ, ನಾನು ಸುಳ್ಳು ಹೇಳಿದೆ ಎನ್ನುತ್ತಾಳೆ. ಹಾಗೆಂದರೆ ಸಾವು ಎಂದು ತಿಳಿದೂ. ಮೊದಲ ಬಾರಿ ಈ ಚಿತ್ರ ನೋಡಿದಾಗ ನಾನು ನಿಮ್ಮ ವಯಸ್ಸಿನವನು. ಅವಳೇಕೆ ಹಾಗೆ ಮಾಡಿದಳೆಂದು ನನಗೆ ಅರ್ಥವಾಗಿರಲಿಲ್ಲ, ಸಹಿ ಹಾಕಿದ್ದಾಯಿತು, ಬದುಕಿಕೊಳ್ಳಬಾರದೇ ಎನಿಸಿತ್ತು. ಈಗಲೂ ಪೂರ್ತಿ ಅರ್ಥವಾಗಿದೆ ಎನ್ನಲಾರೆ.

ಮೂರನೆಯದು, ಕಡೆಯಲ್ಲಿ. ಕಂಬಕ್ಕೆ ಕಟ್ಟುವಾಗ ಹಗ್ಗ ಕೆಳಕ್ಕೆ ಬೀಳುತ್ತದೆ. ಅವಳು ತಾನೇ ಬಗ್ಗಿ ಅದನ್ನೆತ್ತಿ ಕಟ್ಟುವವನ ಕೈಗೆ ಕೊಡುತ್ತಾಳೆ. ಅಷ್ಟೇ. ಎರಡು ಕ್ಷಣದ ಕೆಲಸ. ನಾನು ನೋಡಿದ ಅಷ್ಟೂ ಸಿನಿಮಾಗಳಲ್ಲಿ ಇದಕ್ಕಿಂತ ದೊಡ್ಡದನ್ನು ಹೇಳಿದ ಸಂಭಾಷಣೆ ನನಗೆ ನೆನಪಿಲ್ಲ.

ಇನ್ನು ಈ ಚಿತ್ರದ ಪ್ರತಿಗಳ ಕಥೆ. ಅದೇ ಒಂದು ಸಿನಿಮಾ ಆಗಬಹುದು.

ಪ್ಯಾರಿಸ್ಸಿನಲ್ಲಿ ಬಿಡುಗಡೆಯಾಗುವ ಮೊದಲೇ ಚರ್ಚಿನವರೂ ಸೆನ್ಸಾರಿನವರೂ ಅಲ್ಲಲ್ಲಿ ಕತ್ತರಿ ಹಾಕಿಸಿದರು. ಇಂಗ್ಲಿಷ್ ಸೈನಿಕರನ್ನು ಕ್ರೂರಿಗಳಾಗಿ ತೋರಿಸಿದೆಯೆಂದು ಬ್ರಿಟನ್ನಿನಲ್ಲಿ ನಿಷೇಧಿಸಿದರು. 1928ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಸ್ಟುಡಿಯೋ ಒಂದರಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟುಹೋಯಿತು. ಡ್ರೇಯರ್ ಎದೆಗುಂದಲಿಲ್ಲ. ಉಳಿದ ಟೇಕುಗಳನ್ನೆಲ್ಲ ಕಲೆಹಾಕಿ, ಅದೇ ಕ್ರಮದಲ್ಲಿ ಜೋಡಿಸಿ, ಎರಡನೆಯ ನೆಗೆಟಿವ್ ತಯಾರಿಸಿದ. ಮರುವರ್ಷ, 1929ರಲ್ಲಿ, ಇನ್ನೊಂದು ಲ್ಯಾಬೊರೇಟರಿಯ ಬೆಂಕಿಯಲ್ಲಿ ಅದೂ ಹೋಯಿತೆಂದು ತಿಳಿದರು. ಬೆಂಕಿಗೆ ಆಹುತಿಯಾದವಳ ಚಿತ್ರಕ್ಕೆ ಎರಡು ಬಾರಿ ಬೆಂಕಿ!

ಇದರಲ್ಲಿ ದೈವದ ಆಟ ಹುಡುಕಬೇಕಿಲ್ಲ. ಆ ಕಾಲದ ಫಿಲಂ ಸೆಲ್ಯುಲೋಸ್ ನೈಟ್ರೇಟಿನದು. ತೋಪಿಗೆ ಬಳಸುವ ಸ್ಫೋಟಕದ ಹತ್ತಿರದ ಬಂಧು. ಹತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಸುಡದಿದ್ದರೆ ಕೊಳೆಯುತ್ತದೆ, ಮೊದಲು ಅಂಟಾಗಿ, ಆಮೇಲೆ ಕಂದು ಪುಡಿಯಾಗಿ.

1951ರ ಹೊತ್ತಿಗೆ ಲೋ ದೂಕಾ ಎಂಬಾತನಿಗೆ ಎರಡನೆಯ ನೆಗೆಟಿವಿನ ಪ್ರತಿಯೊಂದು ಸಿಕ್ಕಿತು. ಆತ ಅದಕ್ಕೆ ಬಾಖ್, ವಿವಾಲ್ಡಿ ಮುಂತಾದವರ ಸಂಗೀತ ಹಚ್ಚಿ, ಅಕ್ಷರಫಲಕಗಳನ್ನು ತನಗೆ ತೋಚಿದಂತೆ ಬದಲಿಸಿ ಬಿಡುಗಡೆ ಮಾಡಿದ. ಮೂರು ದಶಕಗಳ ಕಾಲ ಹೆಚ್ಚಿನವರು ನೋಡಿದ್ದು ಇದನ್ನೇ. ಡ್ರೇಯರನಿಗೆ ಇದು ಹಿಡಿಸಲಿಲ್ಲ. 1968ರಲ್ಲಿ ಆತ ತೀರಿಕೊಂಡಾಗ ತಾನು ಮೊದಲು ಜೋಡಿಸಿದ ಚಿತ್ರ ಲೋಕದಲ್ಲಿ ಎಲ್ಲೂ ಉಳಿದಿಲ್ಲವೆಂದೇ ನಂಬಿದ್ದ.

1981ರಲ್ಲಿ ನಾರ್ವೆಯ ಆಸ್ಲೋ ಬಳಿಯ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸದವರು ಒಂದು ಬೀರುವನ್ನು ಖಾಲಿ ಮಾಡುತ್ತಿದ್ದರು. ಒಳಗೆ ಫಿಲಂ ಡಬ್ಬಿಗಳಿದ್ದವು. ಯಾರೋ ಪುಣ್ಯಾತ್ಮರು ಅವನ್ನು ಗುಜರಿಗೆ ಹಾಕದೆ ನಾರ್ವೆಯ ಚಲನಚಿತ್ರ ಸಂಸ್ಥೆಗೆ ಕಳುಹಿಸಿದರು. ಅಲ್ಲಿಯೂ ಮೂರು ವರ್ಷ ಹಾಗೆಯೇ ಕುಳಿತಿದ್ದವು. 1984ರಲ್ಲಿ ಬಿಚ್ಚಿ ನೋಡಿದರೆ, ಮೊದಲ ನೆಗೆಟಿವಿನಿಂದಲೇ ಮಾಡಿದ, ಫ್ರಾನ್ಸಿನ ಕತ್ತರಿ ಬೀಳುವ ಮೊದಲಿನ, ಡೇನಿಶ್ ಫಲಕಗಳಿದ್ದ ಪ್ರತಿ! ಅದು ಆ ಆಸ್ಪತ್ರೆಗೆ ಹೇಗೆ ಬಂತೆಂದು ಹೇಳುವ ಒಂದು ಚೀಟಿಯೂ ಇಲ್ಲ.

ಇಂದು ನಾವು ಮನೆಯಲ್ಲಿ ಕೂತು ನೋಡುವುದು ಆ ಬೀರುವಿನ ಕೃಪೆ. 1999ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಇದನ್ನು ಡಿ.ವಿ.ಡಿ.ಯಾಗಿ ತಂದಿತು. ಜೊತೆಗೆ ರಿಚರ್ಡ್ ಐನ್‌ಹಾರ್ನ್ ಎಂಬ ಸಂಗೀತಗಾರ ಈ ಚಿತ್ರದಿಂದ ಪ್ರೇರಿತನಾಗಿ 1994ರಲ್ಲಿ ರಚಿಸಿದ 'ವಾಯ್ಸಸ್ ಆಫ್ ಲೈಟ್' ಎಂಬ ಗಾಯನ ಕೃತಿಯನ್ನು ಬೇಕಾದರೆ ಕೇಳುವಂತೆ, ಬೇಡದಿದ್ದರೆ ಮುಚ್ಚಿಡುವಂತೆ ಕೊಟ್ಟಿತು. 2012ರಲ್ಲಿ ಇಂಗ್ಲೆಂಡಿನ 'ಮಾಸ್ಟರ್ಸ್ ಆಫ್ ಸಿನಿಮಾ' ಮಾಲೆಯಲ್ಲಿ ಬ್ಲೂ-ರೇ ಬಂತು. 2018ರಲ್ಲಿ ಕ್ರೈಟೀರಿಯನ್ ಸಹ ಬ್ಲೂ-ರೇ ತಂದಿತು. ಎರಡರಲ್ಲೂ ಚಿತ್ರ ಎರಡು ವೇಗದಲ್ಲಿದೆ. ಮೂಕಿ ಚಿತ್ರಗಳ ಕಾಲದಲ್ಲಿ ವೇಗ ಒಂದೇ ಸಮನಾಗಿರಲಿಲ್ಲ. ಟಾಕಿ ಬಂದ ಮೇಲೆಯೇ ಸೆಕೆಂಡಿಗೆ 24 ಚೌಕಟ್ಟು ಎಂದು ಗಟ್ಟಿಯಾದದ್ದು. ಹಾಗಾಗಿ 24ರ ವೇಗದಲ್ಲಿ ಚಿತ್ರ ಸುಮಾರು 80 ನಿಮಿಷ, 20ರ ವೇಗದಲ್ಲಿ ಸುಮಾರು 97 ನಿಮಿಷ. ಯಾವುದು ಸರಿ ಎಂದು ಬಲ್ಲವರು ಈಗಲೂ ಜಗಳವಾಡುತ್ತಾರೆ. ನನ್ನ ಓಟು 20ಕ್ಕೆ. 24ರಲ್ಲಿ ಕಾವಲುಗಾರರು ಬಸ್ಸು ಹಿಡಿಯುವವರಂತೆ ಓಡಾಡುತ್ತಾರೆ, 20ರಲ್ಲಿ ಕಣ್ಣೀರು ಕೆನ್ನೆಯ ಮೇಲೆ ತನ್ನ ಹೊತ್ತಿಗೆ ತಾನು ಇಳಿಯುತ್ತದೆ.

ಡಿಸ್ಕು ದುಬಾರಿ, ಹೊರದೇಶದಿಂದ ತರಿಸಬೇಕು ಎಂದು ನೀವು ಹೇಳುವುದು ಗೊತ್ತು. ಫೋನಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ ಎಂದೂ ಗೊತ್ತು. ನೋಡಿ, ಬೇಡವೆನ್ನುವುದಿಲ್ಲ. ಆದರೆ ಹಾಗೆ ಸಿಗುವುದರಲ್ಲಿ ಲೋ ದೂಕಾನ ಹಳೆಯ ಪ್ರತಿಯೂ ಬೆರೆತಿರುತ್ತದೆ, ಮಸುಕು ಮಸುಕಾದವೂ ಇರುತ್ತವೆ. ಮುಖದ ರಂಧ್ರಗಳೇ ಕಥೆ ಹೇಳುವ ಚಿತ್ರವನ್ನು ಮಸುಕಾಗಿ ನೋಡುವುದು ಉಪ್ಪಿಲ್ಲದ ಸಾರು ಉಂಡಂತೆ. ಇನ್ನೊಂದು ಮಾತು: ಮೊದಲ ಹತ್ತು ನಿಮಿಷ ಸಂಗೀತವನ್ನು ಪೂರ್ತಿ ನಿಲ್ಲಿಸಿ ನೋಡಿ. ಯಾವ ಸಂಗೀತ ಇರಬೇಕೆಂದು ಡ್ರೇಯರ್ ಏನನ್ನೂ ಗೊತ್ತು ಮಾಡಿ ಹೋಗಿಲ್ಲ. ಕುಕ್ಕರಿನ ಸೀಟಿ, ಪಕ್ಕದ ಮನೆಯ ಟಿ.ವಿ. ಕೇಳಿಸುತ್ತವೆ. ಸ್ವಲ್ಪ ಹೊತ್ತಿಗೆ ಅವೂ ಕೇಳಿಸದಾಗುತ್ತವೆ. ಆಮೇಲೆ ಬೇಕಾದರೆ ಹಾಡು ಹಾಕಿಕೊಳ್ಳಿ.

ಬೇರೆಯವರ ಬೀರುವಿನ ಮಾತಾಡುತ್ತ ನಮ್ಮ ಬೀರುವಿನ ಗತಿಯನ್ನು ಮರೆಯುವಂತಿಲ್ಲ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1,300ರ ಆಸುಪಾಸು. ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಮೂವತ್ತರ ಸುತ್ತ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1931ರಲ್ಲಿ 'ಮೃಚ್ಛಕಟಿಕ' ಎಂಬ ಮೂಕಿ ಚಿತ್ರದಲ್ಲಿ ನಟಿಸಿದ್ದರು, ಅದನ್ನು ನೋಡುವ ಭಾಗ್ಯ ನಮಗಿಲ್ಲ. ನಮ್ಮ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ತಯಾರಾದದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ. ಹೌದು, ಕನ್ನಡದ ಮೊದಲ ಮಾತಿನ ಚಿತ್ರ ಹೊರನಾಡಿನ ಕೂಸು! ವೈ.ವಿ. ರಾವ್ ನಿರ್ದೇಶನ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಮಾತು ಕಲಿತ ಕನ್ನಡ ಸಿನಿಮಾದ ಮೊದಲ ಮಾತು ಏನೆಂದು ಕೇಳಲು ಯಾರಿಗೂ ಆಗುವುದಿಲ್ಲ. ಕೊಲ್ಹಾಪುರದ ಯಾವುದೋ ಹಳೆಯ ಮನೆಯ ಅಟ್ಟದಲ್ಲಿ ಒಂದು ಡಬ್ಬಿ ಇದ್ದೀತೇ ಎಂದು ನಾನು ಆಗಾಗ ಹಗಲುಗನಸು ಕಾಣುವುದುಂಟು. ಆಸ್ಪತ್ರೆಯ ಬೀರುವಿನಲ್ಲಿ ಜೋನ್ ಇದ್ದಳಲ್ಲ!

ಈಗ ನಮ್ಮ ಸಂಘದ ಸುದ್ದಿ. ಕಚೇರಿಯ ಒಳಕೋಣೆಯ ಗೋದ್ರೆಜ್ ಬೀರುವನ್ನು ಈಚೆಗೆ ಖಾಲಿ ಮಾಡಿದಾಗ 14 ವಿಡಿಯೋ ಕ್ಯಾಸೆಟ್‌ಗಳು ಸಿಕ್ಕವು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಒಂದರ ಮೇಲೆ 'ನಾಟಕ, ರಾಜ್ಯೋತ್ಸವ' ಎಂದಷ್ಟೇ ಇದೆ, ವರ್ಷವಿಲ್ಲ. ಸದಸ್ಯರೊಬ್ಬರ ಮನೆಯ ಹಳೆಯ ವಿ.ಸಿ.ಆರ್.ನಲ್ಲಿ ಹಾಕಿ ನೋಡಿದೆವು. ಚಿತ್ರ ಬಂತು, ದನಿ ಬರಲಿಲ್ಲ. ಇಂಥ ಟೇಪಿನಲ್ಲಿ ಧ್ವನಿಯ ಪಟ್ಟಿ ಇರುವುದು ಅಂಚಿನಲ್ಲಿ, ಅಂಚು ಸುಕ್ಕಾದರೆ ಮೊದಲು ಹೋಗುವುದು ಮಾತೇ. ಹತ್ತಾರು ವರ್ಷಗಳ ಹಿಂದೆ ನಮ್ಮೊಡನೆ ಇದ್ದು ಈಗ ಇಲ್ಲದವರು ಅದರಲ್ಲಿ ರಂಗದ ಮೇಲೆ ನಿಂತು ತುಟಿಯಾಡಿಸುತ್ತಿದ್ದಾರೆ. ನನ್ನ ಆಪ್ತ ಗೆಳೆಯನೊಬ್ಬ ತಲೆಯೆತ್ತಿ, ಕೈ ಚಾಚಿ, ಏನೋ ದೊಡ್ಡ ಮಾತು ಹೇಳುತ್ತಾನೆ. ಏನೆಂದು ನಮಗ್ಯಾರಿಗೂ ನೆನಪಾಗಲಿಲ್ಲ. ಯಾವ ನಾಟಕವೆಂಬುದರ ಬಗ್ಗೆಯೇ ನಾವು ನಾಲ್ವರು ಹಿರಿಯರು ಒಪ್ಪಲಿಲ್ಲ, ಮೂರು ಹೆಸರು ಬಂದವು. ಕಾಫಿಯ ಸಾಲಿನಲ್ಲಿ ನನ್ನೊಡನೆ ಮಾತಾಡಿದ ಹುಡುಗಿ ಅವನ ಮೊಮ್ಮಗಳು. ಅವಳಿಗೆ ಇದನ್ನು ಇನ್ನೂ ತೋರಿಸಿಲ್ಲ.

ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಇರುವ ಯಂತ್ರಗಳು ಕೆಡುವ ಮುಂಚೆ ಈ ಹದಿನಾಲ್ಕನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಕೆಲಸ ಬಲ್ಲವರು ನೀವೇ, ನಮ್ಮಿಂದಾಗದು. ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭಾಂಗಣದಲ್ಲಿ ಜೋನ್‌ಳ ಚಿತ್ರವನ್ನು ತೋರಿಸುತ್ತೇವೆ, 20ರ ವೇಗದ್ದೇ. ಊಟದ ನಂತರ ಆ ಮೂಕ ಕ್ಯಾಸೆಟ್. ತುಟಿ ನೋಡಿ ಮಾತು ಗುರುತಿಸಬಲ್ಲವರು, ಮನೆಯಲ್ಲಿ ಹಳೆಯ ನಾಟಕದ ಕರಪತ್ರ ಇಟ್ಟುಕೊಂಡಿರುವ ಅಜ್ಜಿ-ತಾತಂದಿರು ಇದ್ದವರು ಅವರನ್ನೂ ಕರೆತನ್ನಿ. ಕೆಡದ ವಿ.ಸಿ.ಆರ್. ಇದ್ದವರು ಶನಿವಾರವೇ ತಂದುಕೊಟ್ಟರೆ ಉಪಕಾರವಾಗುತ್ತದೆ.